ಯಾವ ಇಸವಿಗೆ ಬಂದಿದ್ದಾರೆ?

ಕರಪತ್ರ ಅಚ್ಚಾಗಿ ಬಂದಿದೆ. ಓದಲು ಬರುವುದಿಲ್ಲ, ಅಷ್ಟೇ.

ತಪ್ಪು ಪ್ರೆಸ್ಸಿನವರದಲ್ಲ. ಒಂದೆಂಟು ಡೆಮಿ ಎಂದರೆ ಹೆಚ್ಚುಕಡಿಮೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದದ ಹಾಳೆ. 14 ಪಾಯಿಂಟಿನ ಅಕ್ಷರದಲ್ಲಿ ಅದರ ಮೇಲೆ ಸುಮಾರು 150 ಪದ ಹಾಯಾಗಿ ಕೂರುತ್ತವೆ. ಪಡಿತರ ಅಂಗಡಿಯಲ್ಲಿ ತೂಕ ಹೊಡೆಯುತ್ತಿದ್ದಾರೆ, ಸೋಮವಾರ ತಾಲ್ಲೂಕು ಕಚೇರಿ ಮುಂದೆ ಸೇರೋಣ, ಬನ್ನಿ ಎನ್ನಲು ಅಷ್ಟು ಧಾರಾಳವಾಯಿತು. ಆದರೆ ಸಣ್ಣ ಸಮಾಜವಾದಿ ಪಕ್ಷದಲ್ಲಿ ಕರಪತ್ರವನ್ನು ಮನುಷ್ಯರು ಬರೆಯುವುದಿಲ್ಲ, ಸಮಿತಿ ಬರೆಯುತ್ತದೆ.

ಮೊದಲ ಕರಡಿನಲ್ಲಿ ಅಕ್ಕಿ ಮಾತ್ರ ಇರುತ್ತದೆ. "ಅಕ್ಕಿ ಸರಿ ಸಾರ್, ಹಿನ್ನೆಲೆ ಬೇಡ್ವಾ?" ಎಂದು ಒಬ್ಬರು ಕೇಳುತ್ತಾರೆ. 1995ರ ವಿಶ್ವ ವಾಣಿಜ್ಯ ಸಂಸ್ಥೆ ಒಳಗೆ ಬರುತ್ತದೆ. ಜಾತಿಯ ಮಾತೆತ್ತದೆ ಹಸಿವಿನ ಮಾತಾಡಿದರೆ ಸಮಾಜವಾದಿಗಳ ಗುರು ರಾಮಮನೋಹರ ಲೋಹಿಯಾ ಒಪ್ಪುತ್ತಿದ್ದರೇ? ಒಪ್ಪುತ್ತಿರಲಿಲ್ಲ, ಇನ್ನೊಂದು ಪ್ಯಾರಾ. ಪಡಿತರದ ಸಾಲಿನಲ್ಲಿ ನಿಲ್ಲುವವರು ಹೆಂಗಸರು, ಅವರ ಮಾತೇ ಇಲ್ಲವಲ್ಲ? ನಿಜ, ಮತ್ತೂ ಒಂದು ಪ್ಯಾರಾ. ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ, ಏಕೆಂದರೆ ಎಲ್ಲರೂ ಹೇಳುವುದು ಸರಿಯಾಗಿಯೇ ಇರುತ್ತದೆ. ಕಷ್ಟವಿರುವುದೇ ಅಲ್ಲಿ. ತಪ್ಪು ಮಾತಾಡುವವರನ್ನು ಹೇಗೋ ಕೂರಿಸಬಹುದು. ಸರಿಯಾದದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೇಳುವವರನ್ನು ಕೂರಿಸುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಹೀಗೆ 14 ಪಾಯಿಂಟು 12 ಆಗಿ, 10 ಆಗಿ, ಕೊನೆಗೆ 8ಕ್ಕೆ ಇಳಿಯುತ್ತದೆ. ಅಕ್ಕಿ ಕೆಳಗಡೆ, ಮುದ್ರಕರ ವಿಳಾಸಕ್ಕಿಂತ ಸ್ವಲ್ಪ ಮೇಲೆ, ಎಲ್ಲೋ ಉಳಿದಿರುತ್ತದೆ.

ಇಷ್ಟಾದ ಮೇಲೆ ಕರಡು ವಾಟ್ಸ್‌ಆ್ಯಪಿನಲ್ಲಿ ಯುನಿಕೋಡಾಗಿ ಹೋಗುತ್ತದೆ. ಡಿಟಿಪಿಯವನ ಹತ್ತಿರ ಇರುವುದು ಹಳೆಯ ನುಡಿ ತಂತ್ರಾಂಶ. ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ತಮಗೆ ಬೇಕಾದಲ್ಲಿ ಹೋಗಿ ಕೂರುತ್ತವೆ. ಕರಡಚ್ಚು ತಿದ್ದಲು ಕೂತವರು ಅಕ್ಷರ ತಿದ್ದುವ ಬದಲು ನಿಲುವು ತಿದ್ದುತ್ತಾರೆ. ಆಫ್‌ಸೆಟ್ಟಿನಲ್ಲಿ ಪ್ಲೇಟು ಆದ ಮೇಲೆ ಒಂದು ಅಲ್ಪವಿರಾಮ ಬದಲಿಸಿದರೂ ಮತ್ತೆ ಪ್ಲೇಟಿನ ದುಡ್ಡು ಕೊಡಬೇಕೆಂದು ಪ್ರೆಸ್ಸಿನವನು ಎಷ್ಟು ಸಲ ಹೇಳಿದರೂ ಅದು ಬಂಡವಾಳಶಾಹಿಯ ಧಾಟಿಯಾಗಿ ಕೇಳಿಸುತ್ತದೆಯೇ ಹೊರತು ಬಿಲ್ಲಾಗಿ ಕೇಳಿಸುವುದಿಲ್ಲ.

ಚುನಾವಣೆಯ ಕಾಲವಾದರೆ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಬೇರೆ ಇದೆ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಪ್ರಕಾಶಕರು ಎರಡು ಪ್ರತಿಯಲ್ಲಿ ಘೋಷಣೆ ಬರೆದು ಸಹಿ ಹಾಕಬೇಕು, ಅವರನ್ನು ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿಯವರೆಗೆ ಒಂದೊಂದು ಸಾಲಿಗೂ ಹಕ್ಕು ಸಾಧಿಸಿದವರು ಸಹಿ ಎಂದ ಕೂಡಲೇ ಕೊನೆಯ ಬಸ್ಸು ನೆನಪಾಗಿ ಎದ್ದು ನಿಲ್ಲುತ್ತಾರೆ. ಗುದ್ದಲಿ, ಸೆರೆಮನೆ, ಮತಪೆಟ್ಟಿಗೆ ಎಂದು ಲೋಹಿಯಾ ಮೂರನ್ನು ಒಟ್ಟಿಗೆ ಹೇಳಿದ್ದರು. ನಡುವಿನದಕ್ಕೆ ಈಗ ಅಭ್ಯರ್ಥಿಗಳು ಕಡಿಮೆ.

ಇನ್ನು ಹಿರಿಯರ ವಿಷಯ. ಪ್ರತಿ ಸಣ್ಣ ಪಕ್ಷದಲ್ಲೂ ಇಂಥವರು ಒಬ್ಬರು ಇರುತ್ತಾರೆ: ಬಿಳಿ ಜುಬ್ಬ, ಹೆಗಲಿಗೆ ಖಾದಿ ಚೀಲ, ಚೀಲದಲ್ಲಿ 1970ರ ದಶಕದ ನಿರ್ಣಯಗಳ ಸೈಕ್ಲೋಸ್ಟೈಲ್ ಪ್ರತಿ. "ಎರಡೇ ಮಾತು ಹೇಳಿ ಮುಗಿಸ್ತೀನಿ" ಎಂದು ಎದ್ದು ನಿಂತರೆಂದರೆ ಮೊದಲನೆಯ ಮಾತು 1934ರಲ್ಲಿ, ಪಾಟ್ನಾದಲ್ಲಿ, ಕಾಂಗ್ರೆಸ್ ಸೋಷಲಿಸ್ಟ್ ಪಾರ್ಟಿಯ ಜೊತೆ ಶುರುವಾಗುತ್ತದೆ. ಚರ್ಚೆಯ ವಿಷಯ ಏನೇ ಇರಲಿ. ಬ್ಯಾನರಿನ ಬಿದಿರುಗಳನ್ನು ಯಾರ ಮನೆಯ ಅಟ್ಟದಲ್ಲಿ ಇಡುವುದು ಎಂಬುದಿದ್ದರೂ ಪಾಟ್ನಾದಿಂದಲೇ ಹೊರಡಬೇಕು. ಅಲ್ಲಿಂದ 1948ರ ನಾಸಿಕ್, ಕಾಂಗ್ರೆಸ್ಸನ್ನು ಬಿಟ್ಟದ್ದು. 1951ರ ಕಾಗೋಡು ರೈತ ಸತ್ಯಾಗ್ರಹ. 1952ರ ಮೇ ತಿಂಗಳ ಪಚ್‌ಮಢಿ ಸಮ್ಮೇಳನ, ಲೋಹಿಯಾರ ಅಧ್ಯಕ್ಷ ಭಾಷಣ. ಅದೇ ವರ್ಷ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಜೊತೆ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷ (ಪಿಎಸ್‌ಪಿ) ಆದದ್ದು.

ಅವರು ಪಚ್‌ಮಢಿಗೆ ಬಂದರೆ ಅಲ್ಲಿಂದ ಬೇಗ ಹೊರಡುವುದಿಲ್ಲ. ಸಭೆಗೆ ತಡವಾಗಿ ಬರುವವರಿಗೆ ಇದು ಅಭ್ಯಾಸವಾಗಿಬಿಟ್ಟಿದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಪಿಸುದನಿಯಲ್ಲಿ ಕೇಳುತ್ತಾರೆ, "ಯಾವ ಇಸವಿಗೆ ಬಂದಿದ್ದಾರೆ?" "ಇನ್ನೂ ಪಚ್‌ಮಢಿ." ಹಾಗಾದರೆ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೋಗಿ ಬೈಟು ಕಾಫಿ ಕುಡಿದು ಬರುವಷ್ಟು ಸಮಯವಿದೆ ಎಂದರ್ಥ. 1954 ಎಂದರೆ ಬಾಗಿಲ ಹತ್ತಿರವೇ ನಿಂತಿರಬೇಕು, ಏಕೆಂದರೆ ಅಲ್ಲಿ ದನಿ ಏರುತ್ತದೆ. ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ಥಾನು ಪಿಳ್ಳೈ ಅವರ ಪಿಎಸ್‌ಪಿ ಸರ್ಕಾರ, ತಮಿಳು ಚಳವಳಿಗಾರರ ಮೇಲೆ ಗೋಲಿಬಾರು, ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ತಮ್ಮದೇ ಪಕ್ಷದ ಸರ್ಕಾರ ರಾಜೀನಾಮೆ ಕೊಡಲಿ ಎಂದದ್ದು. ಅಲ್ಲಿಂದ 1955ರ ಒಡಕು. ಒಡಕಿಗೆ ಬರುವ ಹೊತ್ತಿಗೆ ಸರಿಯಾಗಿ ಮಂಡಕ್ಕಿ ಬರುತ್ತದೆ. ಮಂಡಕ್ಕಿ ಬಂತೆಂದರೆ 1964ರ ಕೂಡಿಕೆ, 1965ರ ಮರುಒಡಕು, 1971ರ ಮರುಕೂಡಿಕೆ, 1977ರಲ್ಲಿ ಜನತಾ ಪಕ್ಷದಲ್ಲಿ ಕರಗಿದ್ದು, ಎಲ್ಲವೂ ಮುಂದಿನ ಸಭೆಗೆ. ಮುಂದಿನ ಸಭೆಯಲ್ಲಿ ಮತ್ತೆ ಪಾಟ್ನಾ. ಬಿದಿರುಗಳು ಇವತ್ತಿಗೂ ಒಂದು ಸೈಕಲ್ ಶಾಪಿನ ಹಿಂದೆ ಮಳೆಯಲ್ಲಿ ನೆನೆಯುತ್ತಿವೆ. ಹೊಸದಾಗಿ ಬಂದ ಹುಡುಗರು ಪಕ್ಷ 1955ರಲ್ಲೇ ಮುಗಿದುಹೋಯಿತು ಎಂದುಕೊಂಡಿದ್ದರೆ ಅವರನ್ನು ಬೈಯಲಾಗದು.

ಮಧ್ಯೆ ಬಾಯಿ ಹಾಕುವಂತೆಯೂ ಇಲ್ಲ. "ಅಧ್ಯಕ್ಷರೇ, ಕಾಲಮಿತಿ" ಎಂದರೆ, ಆಂತರಿಕ ಪ್ರಜಾಪ್ರಭುತ್ವದ ಪ್ರಶ್ನೆ ಏಳುತ್ತದೆ, ಅದಕ್ಕೆ ಪ್ರತ್ಯೇಕ ಚರ್ಚೆ, ಆ ಚರ್ಚೆಗೆ ಮೊದಲ ಭಾಷಣಕಾರರು ಅವರೇ.

ಆದರೆ ಕಾಗೋಡಿನ ಹತ್ತಿರ ಅವರ ದನಿ ಇಳಿಯುತ್ತದೆ. ಆಗ ಯಾರೂ ಗಡಿಯಾರ ನೋಡುವುದಿಲ್ಲ, ಇದನ್ನು ಒಪ್ಪಲೇಬೇಕು. ಸಾಗರದ ಪಕ್ಕದ ಆ ಊರಿನ ಗೇಣಿದಾರರು ಎದ್ದು ನಿಂತದ್ದು ಯಾವ ಸಿದ್ಧಾಂತದ ಹೆಸರು ಹೇಳಿಕೊಂಡೂ ಅಲ್ಲ, ಭತ್ತ ಅಳೆಯುವ ಕೊಳಗ ದೊಡ್ಡದಾಯಿತು ಎಂದು. ಎಚ್. ಗಣಪತಿಯಪ್ಪನವರು ರೈತರನ್ನು ಸೇರಿಸಿದರು, ಶಾಂತವೇರಿ ಗೋಪಾಲಗೌಡರು ಮತ್ತು ಇತರ ಸಮಾಜವಾದಿಗಳು ಬೆನ್ನಿಗೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಗೋಪಾಲಗೌಡರು ವಿಧಾನಸಭೆಯಲ್ಲಿದ್ದರು. ಕೊಳಗ ದೊಡ್ಡದಾಗಿದೆ ಎನ್ನಲು ಹಿನ್ನೆಲೆಯ ಪ್ಯಾರಾ ಬೇಕಿರಲಿಲ್ಲ. ಗೇಣಿ ಅಳೆದು ಕೊಡುವವನ ಕೈಗೇ ಗೊತ್ತಿತ್ತು. ಈಗ ಪಡಿತರದ ಅಂಗಡಿಯಲ್ಲಿ ತಕ್ಕಡಿ ಎಲೆಕ್ಟ್ರಾನಿಕ್ ಆಗಿದೆ, ಹೊಡೆತ ಮಾತ್ರ ಹಳೆಯದೇ, ನಮ್ಮ ಕರಪತ್ರ 8 ಪಾಯಿಂಟಿನಲ್ಲಿದೆ.

ಇರಲಿ, ಹಂಚಲಾದರೂ ಬೇಕಲ್ಲ. ಸಂತೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವವರಿಗೆ ಕೊಡುವುದು ಎಲ್ಲರೂ ಮಾಡುವ ಕೆಲಸ. ಅದನ್ನು ಅವರು ಮಡಚಿ, ಟೊಮೆಟೊ ಬೆಲೆ ಕೇಳುತ್ತಾ, ಮೊದಲನೆಯ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ಹೊರಗೆ ಬರುವವರಿಗೆ ಎರಡೂ ಕೈಯಲ್ಲಿ ಚೀಲ. ಕರಪತ್ರ ನಿಜಕ್ಕೂ ಮನೆ ಮನೆ ತಲುಪುವುದು ಬೋಂಡದಂಗಡಿಯ ಮೂಲಕ, ಎಣ್ಣೆ ಹೀರಿಕೊಂಡು. ಬಲ್ಲವರು ಹೋಗುವುದು ಬಸ್‌ಸ್ಟ್ಯಾಂಡಿಗೆ: ಹೊರಡಲು ಹತ್ತು ನಿಮಿಷವಿರುವ ಹಳ್ಳಿ ಬಸ್ಸು, ಕಿಟಕಿ ಪಕ್ಕದ ಸೀಟು. ಅಲ್ಲಿ ಕೂತವರಿಗೆ ಬೇರೆ ಕೆಲಸವಿಲ್ಲ, ಓದುತ್ತಾರೆ. ಅಕ್ಷರ ಕಾಣುವಂತಿದ್ದರೆ.

ಆಟೊಗೆ ಹಾರ್ನ್ ಮೈಕು ಕಟ್ಟಿ ಕಳಿಸುವುದು ಇನ್ನೊಂದು ದಾರಿ. ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕೂಗುವಂತಿಲ್ಲ, ಬ್ಯಾಟರಿ ಹಿಂದಿನ ರಾತ್ರಿಯೇ ಚಾರ್ಜಾಗಿರಬೇಕು. ಇವೆಲ್ಲ ಹೇಗೋ ಆಗುತ್ತವೆ. ಆಗದಿರುವುದು ವಾಕ್ಯ. ಓಡುವ ಆಟೊ ಒಂದು ಮನೆಯನ್ನು ದಾಟುವಷ್ಟರಲ್ಲಿ ಆ ಮನೆಯವರ ಕಿವಿಗೆ ಬೀಳುವುದು ಏಳೆಂಟು ಪದ. ನಮ್ಮವರು ಓದುವುದು ಕರಪತ್ರದ ವಾಕ್ಯವನ್ನೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಮೊದಲನೇ ಕ್ರಾಸಿನವರಿಗೆ "ನವ ಉದಾರವಾದಿ ನೀತಿಗಳ ಫಲವಾಗಿ" ಸಿಗುತ್ತದೆ, ಎರಡನೇ ಕ್ರಾಸಿನವರಿಗೆ "ದುಡಿಯುವ ವರ್ಗಗಳ ಮೇಲೆ", ಮೂರನೇ ಕ್ರಾಸಿನವರಿಗೆ ಬರೀ "ಖಂಡಿಸುತ್ತೇವೆ". ಮೂರನೇ ಕ್ರಾಸಿನವರು ತಮ್ಮನ್ನೇ ಬೈಯುತ್ತಿದ್ದಾರೆಂದುಕೊಂಡು ಕಿಟಕಿ ಹಾಕಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿ ಜನರಿಗೆ "ನಾವು ಸಮಾಜವಾದಿಗಳು" ಎಂದರೆ ಅದೂ ವಿಶೇಷವಲ್ಲ. ಅದೇ ಜನಪ್ರಾತಿನಿಧ್ಯ ಕಾಯ್ದೆಯಲ್ಲಿ 1989ರಿಂದ ಜಾರಿಯಲ್ಲಿರುವ 29ಎ ಕಲಮಿನ ಪ್ರಕಾರ, ನೋಂದಾಯಿಸಿಕೊಳ್ಳುವ ಯಾವುದೇ ಪಕ್ಷ ತನ್ನ ನಿಯಮಾವಳಿಯಲ್ಲಿ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ ಎಂದು ಬರೆದುಕೊಡಬೇಕು. ಗಣಿ ಧಣಿಗಳ ಪಕ್ಷವೂ ಬರೆದುಕೊಟ್ಟಿದೆ, ರಿಯಲ್ ಎಸ್ಟೇಟಿನವರದೂ. ಅವರ ಸಭೆಯಲ್ಲಿ ಅದರ ಬಗ್ಗೆ ಒಂದು ನಿಮಿಷ ಚರ್ಚೆಯಾಗಿರಲಾರದು. ಸಹಿ ಹಾಕಿ, ಊಟ ಮಾಡಿ ಎದ್ದಿರುತ್ತಾರೆ.

ಸದ್ಯದ ತಲೆನೋವು ಚಿಹ್ನೆ. ಮಾನ್ಯತೆ ಇಲ್ಲದ ಪಕ್ಷಕ್ಕೆ ಎಲ್ಲ ಕ್ಷೇತ್ರಗಳಲ್ಲೂ ಒಂದೇ ಚಿಹ್ನೆ ಬೇಕಿದ್ದರೆ ವಿಧಾನಸಭೆಯ ಒಟ್ಟು ಸ್ಥಾನಗಳ ಪೈಕಿ ಕನಿಷ್ಠ ಶೇ. 5ರಲ್ಲಿ ಸ್ಪರ್ಧಿಸಬೇಕು. ಕರ್ನಾಟಕದ 224ಕ್ಕೆ ಲೆಕ್ಕ ಹಾಕಿದರೆ 12 ಜನ. ಸಾಮಾನ್ಯವಾಗಿ ಒಬ್ಬೊಬ್ಬರಿಗೂ 10,000 ರೂಪಾಯಿ ಠೇವಣಿ, ಚಲಾಯಿತ ಸಿಂಧು ಮತದ ಆರನೇ ಒಂದು ಭಾಗ ಮೀರದಿದ್ದರೆ ಅದು ಗೋವಿಂದ. ಒಬ್ಬೊಬ್ಬರಿಗೂ ಅದೇ ಕ್ಷೇತ್ರದ 10 ಸೂಚಕರು, ಅಂದರೆ 120 ಜನ. ಪಕ್ಷ ನೋಂದಾಯಿಸಲು 100 ಸದಸ್ಯರು ಸಾಕಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಮುಕ್ತ ಚಿಹ್ನೆಗಳ ಪಟ್ಟಿಯಿಂದ ಹತ್ತನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಡಬೇಕು. ಹಳೆಯ ಸಮಾಜವಾದಿ ಪಕ್ಷಗಳ ಗುಡಿಸಲು, ಮರಗಳ ಕಾಲ ಹೋಯಿತು. ಈಗಿರುವುದು ಪಾತ್ರೆ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿ. ಟಿವಿ ಬೇಡ, ಗ್ರಾಹಕ ಸಂಸ್ಕೃತಿ. ಗ್ಯಾಸ್ ಸಿಲಿಂಡರ್ ಬೇಡ, ಅದರ ಬೆಲೆ ಏರಿದಾಗಲೆಲ್ಲ ಜನ ನಮ್ಮ ಮುಖ ನೋಡುತ್ತಾರೆ. ಪ್ರೆಶರ್ ಕುಕ್ಕರಿಗೆ ಯುವಘಟಕದ ತೀವ್ರ ವಿರೋಧ: ಒಳಗಿನ ಒತ್ತಡವನ್ನು ಸೀಟಿ ಹೊಡೆದು ಹೊರಗೆ ಬಿಡುವುದು ಸುಧಾರಣಾವಾದ. ಹೊಲಿಗೆ ಯಂತ್ರ ಎಲ್ಲರಿಗೂ ಹಿಡಿಸಿತ್ತು, ಅಷ್ಟರಲ್ಲಿ ಯಾರೋ, ಒಡಕುಗಳಿಗೆ ಹೊಲಿಗೆ ಹಾಕಲು ಹೊರಟಿದ್ದೀರಾ ಎಂದು ನಕ್ಕರು, ಅದೂ ಬಿತ್ತು. ಕೊನೆಗೆ ಕೇರಂ ಬೋರ್ಡಿಗೆ ಯಾರ ಆಕ್ಷೇಪವೂ ಇರಲಿಲ್ಲ. ಬಡವರು, ಹುಡುಗರು, ಸಂಜೆಯ ಜಗಲಿ, ಒಳ್ಳೆಯದೇ. ಮಿನಿಟ್ಸಿನಲ್ಲಿ ಬರೆದೂ ಆಯಿತು. ರಾತ್ರಿ ಒಬ್ಬರು ಫೋನ್ ಮಾಡಿ, "ಅಲ್ಲ ಸಾರ್, ಇಡೀ ಬೋರ್ಡಿನಲ್ಲಿ ಕೆಂಪಾಗಿರೋದು ಒಂದೇ ಕಾಯಿ, ಅದನ್ನ ರಾಣಿ ಅಂತಾರಲ್ಲ, ರಾಜಪ್ರಭುತ್ವದ ಬಗ್ಗೆ ನಮ್ಮ ನಿಲುವೇನು?" ಎಂದು ಕೇಳಿದ್ದಾರೆ.