ಕೆಂಪು ಬಂದರೆ ರಜೆ, ಕಿತ್ತಳೆ ಬಂದರೆ ಪ್ರಾರ್ಥನೆ

ಕರಾವಳಿಯಲ್ಲಿ ಜೂನ್ ಹುಟ್ಟಿತೆಂದರೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಭಯಭಕ್ತಿಯಿಂದ ಓದುವವರು ಮೀನುಗಾರರೂ ಅಲ್ಲ, ಕೃಷಿಕರೂ ಅಲ್ಲ. ಮೂರನೇ ಕ್ಲಾಸಿನ ಮಕ್ಕಳು. ಯಾಂತ್ರಿಕ ಬೋಟುಗಳು ಹೇಗೂ ಜೂನ್ 1ರಿಂದ ಜುಲೈ 31ರ ತನಕ ದಡದಲ್ಲೇ ಇರುತ್ತವೆ. ಗದ್ದೆ ಉಳಿಸಿಕೊಂಡ ನಾಲ್ಕು ಜನ ಪಂಚಾಂಗದಲ್ಲಿ ಆರಿದ್ರೆ, ಪುನರ್ವಸು ನೋಡಿಕೊಂಡು ನೇಜಿ ನೆಡುತ್ತಾರೆ. ಉಳಿದ ಓದುಗರೆಲ್ಲ ಶಾಲಾ ಬ್ಯಾಗಿನವರು. ಗುಣಾಕಾರದ ಮಗ್ಗಿ ಬಾರದಿದ್ದರೂ ಆರೆಂಜ್ ಅಲರ್ಟಿಗೂ ರೆಡ್ ಅಲರ್ಟಿಗೂ ಇರುವ ವ್ಯತ್ಯಾಸವನ್ನು ಅವರು ನಿದ್ದೆಯಲ್ಲೂ ಹೇಳುತ್ತಾರೆ.

ಇಲಾಖೆಯ ಲೆಕ್ಕ ಸರಳ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅತ್ಯಂತ ಭಾರೀ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕಿಳಿಯಿರಿ. ನಮ್ಮ ಆಡಳಿತ ಇದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಹಳದಿ ಬಂದಾಗ ಮಂಗಳೂರಿನ ಕೊಟ್ಟಾರ ಚೌಕಿಯ ತೋಡಿನ ಮೇಲೆ ಗಮನವಿಡುತ್ತದೆ. ಕಿತ್ತಳೆ ಬಂದಾಗ ಅದೇ ತೋಡಿನ ಕುರಿತ ಸಭೆಗೆ ಸಿದ್ಧವಾಗುತ್ತದೆ. ಕೆಂಪು ಬಂತೋ, ಶಾಲೆಗೆ ರಜೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ತೋಡಿನೊಳಗಿನ ಹೂಳಿಗೆ ಮಾತ್ರ ಯಾವ ಬಣ್ಣವೂ ಹತ್ತುವುದಿಲ್ಲ.

ರಜೆಯ ಆದೇಶದಿಂದ ಮಳೆಯ ಸ್ವಭಾವದ ಬಗ್ಗೆ ಎಷ್ಟೋ ಹೊಸ ಸಂಗತಿ ತಿಳಿಯುತ್ತದೆ ಮಾರಾಯ್ರೆ. ಅಂಗನವಾಡಿಯಿಂದ ಪಿಯುಸಿ ತನಕ ರಜೆ ಎಂದರೆ, ಪದವಿ ತರಗತಿಗೆ ಸೇರಿದವರ ಮೇಲೆ ಮಳೆ ಬೀಳುವುದಿಲ್ಲ ಎಂದರ್ಥ. ಪಾಠ ಮಾಡುವವರೂ ಪ್ರಾಯಶಃ ಜಲನಿರೋಧಕರು. ಮಕ್ಕಳಿಲ್ಲದ ಶಾಲೆಗೂ ಒಮ್ಮೊಮ್ಮೆ ಅವರು ಹೋಗಿ ಸಹಿ ಹಾಕಬೇಕಾಗುತ್ತದೆ. ಮಳೆಗೆ ಕಂದಾಯ ಇಲಾಖೆಯ ನಕಾಶೆಯೂ ಬಾಯಿಪಾಠ. ಮೂಲ್ಕಿಗೂ ಹೆಜಮಾಡಿಗೂ ನಡುವೆ ಶಾಂಭವಿ ಹೊಳೆ ಇದೆಯಲ್ಲ, ಆಚೆ ಉಡುಪಿ, ಈಚೆ ದಕ್ಷಿಣ ಕನ್ನಡ. ಸಮುದ್ರದಿಂದ ಬಂದ ಮೋಡ ಸೇತುವೆಯ ಮೇಲೆ ಒಂದು ಗಳಿಗೆ ನಿಂತು, ಯಾವ ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರೆಂದು ವಿಚಾರಿಸಿಯೇ ಮುಂದೆ ಹೋಗಬೇಕು. ಹೆಜಮಾಡಿಯಲ್ಲಿ ಮನೆ, ಮೂಲ್ಕಿಯಲ್ಲಿ ಶಾಲೆ ಇರುವ ಹುಡುಗ ಮನೆಯಲ್ಲಿ ಸುರಕ್ಷಿತ, ಶಾಲೆಯಲ್ಲಿ ಹಾಜರಿ ಕಡಿಮೆ.

ಇನ್ನು ರಜೆ ಸಿಕ್ಕ ದಿನ ಫಳಫಳ ಬಿಸಿಲು ಬರುವ ಪವಾಡ. ಇದಕ್ಕೆ ಇಲಾಖೆಯನ್ನು ಬೈಯುವುದು ಅನ್ಯಾಯ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ನೈರುತ್ಯದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ಮಳೆಯಾಗುತ್ತದೆ. ಗಾಳಿ ಬಿರುಸಾದಾಗ ನಾಲ್ಕು ದಿನ ಬಿಡದೆ ಹೊಯ್ಯುತ್ತದೆ, ಸಡಿಲಾದಾಗ ಅಂಗಳದಲ್ಲಿ ಬಟ್ಟೆ ಒಣಗುತ್ತದೆ. ಮುನ್ಸೂಚನೆ ಇಡೀ ಜಿಲ್ಲೆಗೆ. ಉಡುಪಿ ಜಿಲ್ಲೆ ಎಂದರೆ ಮಲ್ಪೆಯೂ ಹೌದು, ಆಗುಂಬೆ ಘಾಟಿಯ ಬುಡದ ಹೆಬ್ರಿಯೂ ಹೌದು. ಹೆಬ್ರಿಯಲ್ಲಿ ಹೊಳೆ ತುಂಬುವಾಗ ಮಲ್ಪೆಯಲ್ಲಿ ಐಸ್‌ಕ್ರೀಮ್ ಮಾರಾಟವಾಗಬಹುದು. "ಒಂದೆರಡು ಕಡೆ" ಎಂದು ಇಲಾಖೆ ಬರೆದರೆ, ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಪಾಲಿಗಿಂತ ಹೆಚ್ಚು ಕಡೆ ಬೀಳಲಿಕ್ಕಿಲ್ಲ ಎಂದು ಲೆಕ್ಕ. ಆ ಎರಡು ಶಬ್ದವನ್ನು ಓದುವ ತಾಳ್ಮೆ ಯಾರಿಗಿದೆ? ಬಣ್ಣ ಕಂಡರೆ ಸಾಕು. ಬಣ್ಣ ಕಾಣದಿದ್ದರೆ ಕಳೆದ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ವಾಟ್ಸಾಪಿನಲ್ಲಿ ಬಿಡುವ ಪುಣ್ಯಾತ್ಮರಿದ್ದಾರೆ. ಆಮೇಲೆ ಜಿಲ್ಲಾಡಳಿತ, ರಜೆ ಇಲ್ಲ ಎಂದು ಇನ್ನೊಂದು ಪ್ರಕಟಣೆ ಹೊರಡಿಸಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ಹಾಸ್ಯ ಇರುವುದು "ಅನಿರೀಕ್ಷಿತ ಮಳೆ" ಎಂಬ ಹೇಳಿಕೆಯಲ್ಲಿ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ಊರಿದು. ಮೇ 24ರ ಆಸುಪಾಸಿನಲ್ಲಿ ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ; ಆ ದಿನ ಹತ್ತು ಹನಿಯಾದರೂ ಬೀಳಬೇಕೆಂದು ಹಿರಿಯರ ಮಾತು. 2025ರಲ್ಲಂತೂ ಮುಂಗಾರು ವಾಡಿಕೆಯ ಜೂನ್ 1ನ್ನು ಕಾಯದೆ ಮೇ 24ಕ್ಕೇ ಕೇರಳ ಮುಟ್ಟಿತು. ದೈವಗಳಿಗೆ ತಿಳಿದದ್ದು, ಭಾಗವತರಿಗೆ ತಿಳಿದದ್ದು, ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿಸುವ ಅಜ್ಜಿಗೆ ತಿಳಿದದ್ದು, ಚರಂಡಿಯ ಟೆಂಡರು ಕರೆಯುವವರಿಗೆ ಮಾತ್ರ ತಿಳಿಯಲಿಲ್ಲ. ಅವರಿಗೆ ಮಳೆ ಪ್ರತಿ ವರ್ಷವೂ ಹೇಳದೆ ಕೇಳದೆ ಮನೆಗೆ ಬರುವ ನೆಂಟ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ರಿಕ್ಷಾದೊಳಗೆ ನೀರು ನುಗ್ಗಿದ ಮೇಲೆ ಜೆಸಿಬಿ ಬರುತ್ತದೆ, ಜೆಸಿಬಿಯ ಹಿಂದೆ ಫೋಟೋಗ್ರಾಫರ್ ಬರುತ್ತಾರೆ, ಅವರ ಹಿಂದೆ ಕೊಡೆ ಹಿಡಿಸಿಕೊಂಡು ಜನಪ್ರತಿನಿಧಿಗಳು ಬರುತ್ತಾರೆ.

ಹೀಗೆ ಹೋದ ಪಾಠಗಳನ್ನು ಶನಿವಾರ ಇಡೀ ದಿನ ಶಾಲೆ ಮಾಡಿ ತುಂಬಿಸಬೇಕಂತೆ. ಅಂಥದ್ದೊಂದು ಶನಿವಾರಕ್ಕೇ ರೆಡ್ ಅಲರ್ಟ್ ಬಂದರೆ, ಆ ರಜೆಯನ್ನು ಯಾವ ಭಾನುವಾರ ತುಂಬಿಸಬೇಕು ಎಂಬ ಸುತ್ತೋಲೆ ಇನ್ನೂ ಕೈಸೇರಿಲ್ಲ. ಬಹುಶಃ ಆ ಕಡತ ಇಟ್ಟ ಕೋಣೆಯೂ ಸೋರುತ್ತಿರಬೇಕು.