ಕೈತೋಟಕ್ಕೆ ಕಾವೇರಿ ನೀರು ಬಿಟ್ಟರೆ 5,000 ರೂಪಾಯಿ ದಂಡ: ಸರಿಯಾ, ತಪ್ಪಾ?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು, ಕೈತೋಟಕ್ಕೆ ಬಿಡಬಾರದು, ಕಾರಂಜಿಗೆ, ಕಟ್ಟಡದ ಕೆಲಸಕ್ಕೆ ಬಳಸಬಾರದು. ಸಿಕ್ಕಿಬಿದ್ದರೆ 5,000 ರೂಪಾಯಿ. ಮತ್ತೆ ಅದೇ ಕೆಲಸ ಮಾಡಿದರೆ ಇನ್ನೊಂದು 5,000, ಮೇಲೆ ದಿನಕ್ಕೆ 500. 2025ರ ಫೆಬ್ರವರಿಯಲ್ಲಿ ಇದೇ ಆದೇಶ ಮತ್ತೆ ಬಂತು. ಕಾರು, ಕಾರಂಜಿಯ ಮಾತು ಬಿಡಿ, ಅದರಲ್ಲಿ ಯಾರಿಗೂ ಜಗಳವಿಲ್ಲ. ಚರ್ಚೆ ಇರುವುದು ತೋಟದ್ದು.

ಪರ: ಲಾನ್ ಬೇಕಾದರೆ ಬೇರೆ ನೀರು ಹುಡುಕಿ

ಈ ಕಾವೇರಿ ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿ ಶುದ್ಧ ಮಾಡಿ, ಅಲ್ಲೊಂದು ಸಲ, ಹಾರೋಹಳ್ಳಿಯಲ್ಲೊಂದು ಸಲ, ತಾತಗುಣಿಯಲ್ಲೊಂದು ಸಲ ಪಂಪ್ ಮಾಡಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸಿ ನಮ್ಮ ನಲ್ಲಿಗೆ ತರುತ್ತಾರೆ. ಅಷ್ಟು ಕರೆಂಟು ಸುಟ್ಟು ತಂದದ್ದನ್ನು ಹುಲ್ಲಿಗೆ ಸುರಿಯುವುದಾ?

ಹುಲ್ಲಿನ ಲೆಕ್ಕ ಯಾರೂ ಹಾಕುವುದಿಲ್ಲ. ಬೇಸಿಗೆಯಲ್ಲಿ ಹಸಿರಾಗಿ ಉಳಿಯಬೇಕಾದರೆ ಒಂದು ಚದರ ಮೀಟರ್ ಲಾನ್‌ಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಸಾವಿರ ಚದರಡಿ ಅಂದರೆ ಹೆಚ್ಚುಕಮ್ಮಿ 400 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಇಟ್ಟುಕೊಳ್ಳುತ್ತಾರೆ. ಮೂರು ಜನರ ನೀರನ್ನು ಆ ಹುಲ್ಲೇ ಕುಡಿಯುತ್ತಿದೆ. ಅದೂ ಯಾವಾಗ? 2024ರ ಬೇಸಿಗೆಯಲ್ಲಿ ಊರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಕೈಕೊಟ್ಟಿದ್ದವು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದ ಮೇಲೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. "ನಮ್ಮ ನಲ್ಲಿ, ನಮ್ಮ ಬಿಲ್ಲು, ನಿಮಗೇನ್ರೀ?" ಅನ್ನುವವರು ತಿಳಿದುಕೊಳ್ಳಲಿ, ಅವರು ಕಟ್ಟುವ ಬಿಲ್ಲಿನಲ್ಲಿ ಆ ನೀರಿನ ಪೂರ್ತಿ ಖರ್ಚು ಹುಟ್ಟುವುದಿಲ್ಲ.

ಗಿಡ ಒಣಗಿಸಿ ಅಂತ ಆದೇಶ ಹೇಳಿಲ್ಲ. ಅಕ್ಕಿ, ಸೊಪ್ಪು ತೊಳೆದ ನೀರಿದೆ. ಆರ್‌ಒ ಮೆಷಿನ್ನಿನ ಸಣ್ಣ ಪೈಪಲ್ಲಿ ದಿನವಿಡೀ ಸುಮ್ನೆ ಸಿಂಕಿಗೆ ಹೋಗುವ ನೀರಿದೆ (ಅದನ್ನು ದಿನಾ ಒಂದೇ ಕುಂಡಕ್ಕೆ ಹಾಕಬೇಡಿ, ಉಪ್ಪು ಕಟ್ಟಿ ಎಲೆಯ ಅಂಚು ಸುಡುತ್ತದೆ, ಬೇರೆ ನೀರಿನ ಜೊತೆ ಬೆರೆಸಿ). ಮಳೆಯಂತೂ ಇದೆ. 30x40 ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಹತ್ತಿರ ಬೀಳುತ್ತದೆ. ಮಳೆಕೊಯ್ಲು ಕಡ್ಡಾಯ ಅಂತ ಕಾನೂನು ಬಂದಿದ್ದು 2009ರಲ್ಲಿ. ಎಷ್ಟೋ ಮನೆಗಳಲ್ಲಿ ಪೈಪ್ ಇಳಿಬಿಟ್ಟಿದ್ದಾರೆ, ಫಿಲ್ಟರ್ ತೆಗೆದರೆ ಒಳಗೆ ಕೊಳೆತ ಎಲೆ. ನೀರಿಲ್ಲ ಅನ್ನುವ ಮೊದಲು ಅದನ್ನು ತೊಳೆಯಬಹುದು, ಅಲ್ವಾ? ಕಮ್ಮಿ ನೀರಿನಲ್ಲೇ ಬದುಕುವ ಕಣಗಿಲೆ, ಕಾಗದದ ಹೂವು, ದೊಡ್ಡಪತ್ರೆ ನೆಟ್ಟವರು ಈ ಆದೇಶ ಕೇಳಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ತಲೆ ಕೆಡುವುದು ಮೆಕ್ಸಿಕನ್ ಹುಲ್ಲಿನ ಹಾಸು ತಂದು ಹಾಸಿಕೊಂಡವರಿಗೆ.

ದಂಡದಿಂದ ಏನಾಗುತ್ತದೆ ಅನ್ನುತ್ತೀರಾ? 2024ರಲ್ಲಿ ಶುರುವಿನ ಕೆಲವೇ ದಿನಗಳಲ್ಲಿ 22 ಮನೆಗಳಿಂದ 1.1 ಲಕ್ಷ ವಸೂಲಾಯಿತು. ಇಷ್ಟು ದೊಡ್ಡ ಊರಿಗೆ ಅದು ಏನೂ ಅಲ್ಲ. ಆದರೆ ಸುದ್ದಿ ಹರಡಿದ್ದೇ ತಡ, ನಮ್ಮ ಬೀದಿಯಲ್ಲಿ ಪೈಪ್ ಹಿಡಿದು ಗಿಡದ ಜೊತೆ ರಸ್ತೆಗೂ ಸ್ನಾನ ಮಾಡಿಸುತ್ತಿದ್ದವರು ತೆಪ್ಪಗೆ ಬಕೆಟ್ಟಿಗೆ ಇಳಿದರು. ನನಗೆ ಅಷ್ಟು ಸಾಕು.

ವಿರೋಧ: ಕುಂಡಕ್ಕೆ ದಂಡ, ವಿಲ್ಲಾಗೆ?

ನೀರು ಉಳಿಸಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಈ ಆದೇಶದ ಮೇಲೆ.

ಯಾವುದಾದರೂ ಮನೆಯ ಸಂಪ್ ಮುಚ್ಚಳ ತೆಗೆದು ನೋಡಿ. ಬಿಟ್ಟ ದಿನ ಬರುವ ಕಾವೇರಿ ಬೀಳುವುದೂ ಅಲ್ಲಿಗೇ, ಬೋರ್‌ವೆಲ್ ಪೈಪ್ ಬರುವುದೂ ಅಲ್ಲಿಗೇ, ಎರಡೂ ಸಾಲದಾದಾಗ ಟ್ಯಾಂಕರಿನವನು ಪೈಪ್ ಇಳಿಸುವುದೂ ಅಲ್ಲಿಗೇ. ಮೋಟಾರ್ ಹಾಕಿದರೆ ಮೂರೂ ಕಲೆತು ಮೇಲಿನ ಟ್ಯಾಂಕಿಗೆ ಹೋಗುತ್ತವೆ. ಈಗ ತುಳಸಿಗೆ ಹಾಕಿದ ಒಂದು ಚೊಂಬು ಯಾವ ನೀರು? ಬಂದವರು ಏನು ನೋಡಿ ರಸೀದಿ ಹರಿಯುತ್ತಾರೆ?

ಕಣ್ಣಿಗೆ ಬಿದ್ದವರನ್ನು ನೋಡಿ ಹರಿಯುತ್ತಾರೆ. ಬೀಳುವವರು ಯಾರು ಅಂದರೆ ಬೆಳಿಗ್ಗೆ ಗೇಟಿನ ಮುಂದೆ ನಿಂತು ದಾಸವಾಳಕ್ಕೆ ನೀರು ಬಿಡುವ ನಿವೃತ್ತ ಮೇಷ್ಟ್ರು, ಇಲ್ಲವೇ ಮನೆಕೆಲಸದ ಹೆಂಗಸು. ಎತ್ತರದ ಕಾಂಪೌಂಡಿನ ಒಳಗೆ, ರಾತ್ರಿ ಟೈಮರ್ ಇಟ್ಟು ಸ್ಪ್ರಿಂಕ್ಲರ್ ಓಡಿಸುವ ವಿಲ್ಲಾದವರು ಯಾರಿಗೆ ಕಾಣುತ್ತಾರೆ? ಕಂಡರೂ "ನಮ್ಮದು ಸ್ವಂತ ಬೋರ್‌ವೆಲ್, ಕಾವೇರಿ ಅಲ್ಲ" ಅನ್ನುತ್ತಾರೆ. ಅವರು ಹಾಗೆ ಎಳೆದರೆ ಬತ್ತುವುದು ಪಕ್ಕದ ಬಡಾವಣೆಯ ಬೋರ್‌ವೆಲ್.

ಬೇರೆ ನೀರು ಬಳಸಿ ಅನ್ನುವುದು ಹೇಳಲು ಸುಲಭ. ಸಂಸ್ಕರಿಸಿದ ಕೊಳಚೆ ನೀರು ಊರಲ್ಲಿ ಬೇಕಾದಷ್ಟಿದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆಗಳಿಗೇ ಹೋಗುತ್ತಿದೆ. (ಹೋಗಲಿ, ಅವರ ಪಾಲು ನಾವು ಕೇಳುತ್ತಿಲ್ಲ.) ದೊಡ್ಡ ಅಪಾರ್ಟ್‌ಮೆಂಟುಗಳ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಫ್ಲಶ್‌ಗೆ, ತೋಟಕ್ಕೆ ಬಳಸಿ ಮಿಕ್ಕಿದ್ದು ಚರಂಡಿ ಸೇರುತ್ತದೆ. ಆದರೆ 30x40 ಮನೆಯವರಿಗೆ ಅದು ಸಿಗುವುದು ಹೇಗೆ? ಟ್ಯಾಂಕರ್ ತರಿಸಿದರೆ ಬರುವುದು ಸಾವಿರಾರು ಲೀಟರ್, ಬೇಕಿರುವುದು ಹತ್ತು ಕುಂಡಕ್ಕೆ ಎರಡು ಬಕೆಟ್. ಮಿಕ್ಕಿದ್ದನ್ನು ಎಲ್ಲಿ ಇಡೋಣ, ಕುಡಿಯುವ ಸಂಪಿನಲ್ಲಾ?

ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಸ್ ನೋಡಿ. ಮರುಭೂಮಿಯ ಊರು. ಹುಲ್ಲು ಕಿತ್ತು ಕಮ್ಮಿ ನೀರಿನ ಗಿಡ ಹಾಕಿದವರಿಗೆ ಅಲ್ಲಿನ ನೀರಿನ ಸಂಸ್ಥೆ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತಿದೆ. 2021ರಲ್ಲಿ ನೆವಾಡಾ ರಾಜ್ಯ ಕಾನೂನನ್ನೇ ಮಾಡಿತು: ರಸ್ತೆ ಮಧ್ಯದಲ್ಲಿ, ಆಫೀಸುಗಳ ಮುಂದೆ, ಯಾರೂ ಕಾಲಿಡದ ಶೋಕಿ ಹುಲ್ಲಿಗೆ 2026 ಮುಗಿದ ಮೇಲೆ ಕೊಲರಾಡೊ ನದಿಯ ನೀರಿಲ್ಲ. ಬಿಡಿ ಮನೆಗಳ ಹುಲ್ಲನ್ನು ಆ ಕಾನೂನು ಮುಟ್ಟಲಿಲ್ಲ. ಅಲ್ಲೂ ದಂಡವಿದೆ, ನೀರು ಹಾಕುವುದಕ್ಕೆ ಗೊತ್ತುಮಾಡಿದ ದಿನಗಳಿವೆ. ಆದರೆ ಕೈಯಲ್ಲಿ ದುಡ್ಡಿಟ್ಟು ದಾರಿ ತೋರಿಸಿದ ಮೇಲೆ ಬಂದ ಬಿಗಿ ಅದು. ನಮ್ಮಲ್ಲಿ ಹುಲ್ಲು ಕಿತ್ತವರಿಗೆ ಒಂದು ಸಸಿ ಕೊಟ್ಟ ಸುದ್ದಿಯನ್ನೂ ನಾನು ಕೇಳಿಲ್ಲ. ಮಂಡಳಿಯ ಪೈಪುಗಳಲ್ಲೇ ಕಾಲು ಪಾಲಿಗಿಂತ ಜಾಸ್ತಿ ನೀರು ಸೋರಿಕೆ, ಕಳ್ಳ ಕನೆಕ್ಷನ್ ಅಂತ ಲೆಕ್ಕಕ್ಕೇ ಸಿಗುವುದಿಲ್ಲ, ಅದಕ್ಕೆ ಯಾರು ದಂಡ ಹಾಕುತ್ತಾರೆ?

ಇನ್ನೊಂದು ವಿಷಯ. ದಂಡಕ್ಕೆ ಹೆದರಿದ ಜನ ತುಂಬೆ, ನಂದಿಬಟ್ಟಲು ನೆಡುವುದಿಲ್ಲ, ಅಂಗಳಕ್ಕೆ ಟೈಲ್ಸ್ ಹಾಕಿಸುತ್ತಾರೆ. ಕಾರು ನಿಲ್ಲಿಸಲೂ ಆಯಿತಲ್ಲ ಅಂತ ಖುಷಿಯೂ ಪಡುತ್ತಾರೆ. ಅಲ್ಲಿಗೆ ಮಳೆ ನೀರು ಇಂಗುವುದು ನಿಂತಿತು, ಮನೆ ಮುಂದೆ ಕಾವೂ ಏರಿತು. ಮಳೆಗಾಲದಲ್ಲಿ ನೆಟ್ಟ ಹೊಂಗೆ ಸಸಿಗೆ ಮೊದಲ ಒಂದೆರಡು ಬೇಸಿಗೆ ನೀರು ಹಾಕಲೇಬೇಕು. ಅದೂ ಅಪರಾಧ ಅಂದರೆ ಮರ ಬೆಳೆಸುವವರು ಯಾರು?

ಆದೇಶ ಇರಲಿ, ಅಳತೆ ಬರಲಿ. ದೊಡ್ಡ ಲಾನ್‌ಗಳಿಗೆ ಬೋರ್‌ವೆಲ್ ನೀರೂ ಸೇರಿ ನಿಲ್ಲಿಸಿ. ಕುಂಡ, ತರಕಾರಿ ಮಡಿ, ಹೊಸ ಸಸಿಗಳನ್ನು ಬಿಟ್ಟುಬಿಡಿ. ವಾರ್ಡಿನ ಪಾರ್ಕಿನಲ್ಲಿ ಸಂಸ್ಕರಿಸಿದ ನೀರಿನ ಒಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟು ನಲ್ಲಿ ಹಾಕಿಸಿ. ಬಕೆಟ್ ನಾವೇ ತರುತ್ತೇವೆ.