ಕದಿರು ಕೇಳುವ ಮೊದಲು

ತುಲಾ ಸಂಕ್ರಮಣ ಮುಗಿಯಿತು. ತಲಕಾವೇರಿಯ ತೀರ್ಥ ಎಲ್ಲರ ದೇವರ ಕೋಣೆ ಸೇರಿತು. ಕಣಿ ಪೂಜೆಗೆ ಸೌತೆಕಾಯಿಗೆ ಕೆಂಪು ರೇಷ್ಮೆ ಉಡಿಸಿ, ಬಳೆ, ಸರ ತೊಡಿಸಿ, ಕಾವೇರಮ್ಮನೆಂದು ಕೈಮುಗಿದದ್ದೂ ಆಯಿತು. ಇನ್ನು ನಮ್ಮ ಕಣ್ಣು ಹೊಸ ಭತ್ತದ ಕದಿರನ್ನು, ಅಂದರೆ ತೆನೆಯನ್ನು, ಮನೆಗೆ ತರುವ ಹುತ್ತರಿ ಹಬ್ಬದ ಮೇಲೆ. ಹೊಳೆಗೆ, ಭತ್ತಕ್ಕೆ, ಕಾರಣವರೆನ್ನುವ ಮನೆತನದ ಹಿರಿಯರಿಗೆ ಋಣ ಸಲ್ಲಿಸುವುದರಲ್ಲಿ ಕೊಡಗಿನವರು ಯಾರಿಗೂ ಕಡಿಮೆಯಿಲ್ಲ. ನನ್ನ ತಕರಾರು ಇರುವುದು ಬೇರೊಂದು ಬಾಕಿಯ ಬಗ್ಗೆ.

ಹುತ್ತರಿಯ ರಾತ್ರಿ ಗುಂಡು ಹಾರಿಸಿ ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಕೊಯ್ಯುವ ಆ ಕದಿರು ಯಾರ ಗದ್ದೆಯದು? ನಮ್ಮ ಊರಿನ ಗದ್ದೆಗಳಲ್ಲಿ ಕೆಲವು ಪಾಳು ಬಿದ್ದಿವೆ, ಕೆಲವು ಶುಂಠಿಗೆ ಗುತ್ತಿಗೆ ಹೋಗಿವೆ, ಕೆಲವಕ್ಕೆ ಮಣ್ಣು ತುಂಬಿ ಹೋಂಸ್ಟೇ ಕಟ್ಟಿದ್ದಾರೆ. ಭತ್ತ ಬೆಳೆಯುವವರು ಬೆರಳೆಣಿಕೆಯಷ್ಟು ಮಂದಿ. ಹಬ್ಬದ ದಿನ ಮಾತ್ರ ಊರಿಗೆ ಊರೇ ಅವರ ಬದುವಿನ ಮೇಲೆ ಸಾಲುಗಟ್ಟುತ್ತದೆ, ಬೆಂಗಳೂರಿನಿಂದ ಬಂದ ಕಾರುಗಳ ಸಮೇತ.

ನಮ್ಮ ಪಕ್ಕದ ಮನೆಯ ಅಣ್ಣ ಅಂಥವರಲ್ಲಿ ಒಬ್ಬರು. ಈಗ ಅವರ ಗದ್ದೆಯಲ್ಲಿ ತೆನೆ ಹಾಲು ತುಂಬುತ್ತಿದೆ. ಅದರ ವಾಸನೆ ನಮಗಿಂತ ಮೊದಲು ಆನೆಗೆ ಗೊತ್ತಾಗುತ್ತದೆ. ರಾತ್ರಿ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕುಳಿತು, ಟಾರ್ಚನ್ನು ಕಾಡಿನ ಅಂಚಿಗೆ ಹಾಯಿಸುತ್ತಾ, ನಡುನಡುವೆ ಪಟಾಕಿ ಸಿಡಿಸುತ್ತಾರೆ. ಹಿಂಗಾರು ಜೋರಾಗಿ ಹೊಡೆದರೆ ಪೈರು ಮಲಗುತ್ತದೆ. ಕೊಯ್ಲಿನ ಹೊತ್ತಿಗೆ ಅರೇಬಿಕಾ ಹಣ್ಣಾಗಿ ಆಳುಗಳೆಲ್ಲ ಕಾಫಿ ತೋಟಕ್ಕೆ ಹೋಗಿರುತ್ತಾರೆ. ‘ಲೆಕ್ಕ ಹಾಕಿದರೆ ಗದ್ದೆ ಮಾಡಲಾಗುವುದಿಲ್ಲ ಮಾರಾಯರೇ, ಅದಕ್ಕೇ ಲೆಕ್ಕ ಹಾಕುವುದಿಲ್ಲ’ ಎಂದು ನಗುತ್ತಾರೆ. ಕದಿರು ಕೇಳಿದವರಿಗೆ ಇಲ್ಲವೆಂದದ್ದನ್ನು ಮಾತ್ರ ನಾನು ಕೇಳಿಲ್ಲ.

ಕದಿರಿನ ಮಾತು ಹಾಗಿರಲಿ. ಮಳೆಗಾಲದುದ್ದಕ್ಕೂ ಬದು ಕಟ್ಟಿ ನೀರು ನಿಲ್ಲಿಸಿ ಭೂಮಿಗೆ ಇಂಗಿಸುವುದು ಗದ್ದೆ. ಬೇಸಿಗೆಯಲ್ಲಿ ನಮ್ಮ ಬಾವಿಗೂ ತೋಡಿಗೂ, ಅಲ್ಲಿಂದ ಮುಂದೆ ಕಾವೇರಿಗೂ ಸೇರುವ ನೀರಿನಲ್ಲಿ ಅದರ ಪಾಲೂ ಇದೆ. ಸಂಕ್ರಮಣದ ಹೊತ್ತಿಗೆ ಗದ್ದೆಯಲ್ಲಿ ಬೊತ್ತು ಎಂಬ ಕೋಲು ನೆಟ್ಟು ಕಾವೇರಿಯನ್ನು ಅಲ್ಲಿಗೆ ಕರೆಯುತ್ತಿದ್ದ ಹಿರಿಯರಿಗೆ ಈ ಸಂಬಂಧ ತಿಳಿದಿತ್ತು ಎಂದೇ ನಾನು ನಂಬಿದ್ದೇನೆ. ನಾವು ಗದ್ದೆಗೆ ಮಣ್ಣು ಸುರಿದು, ಭಾಗಮಂಡಲದ ಸಂಗಮದಲ್ಲಿ ಮಿಂದು ಬರುತ್ತೇವೆ.

ನಮ್ಮಲ್ಲಿ ಉದಾರಿಗಳಿಲ್ಲವೆಂದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಗುರುತು ಪರಿಚಯವಿಲ್ಲದವರಿಗೂ ಮನೆ ಬಾಗಿಲು ತೆರೆದ ಜನ ಇವರೇ. ರಾಜ್ಯದ ಮೂಲೆಮೂಲೆಯಿಂದ ಅಕ್ಕಿ, ಕಂಬಳಿ ಹೊತ್ತ ಲಾರಿಗಳು ಬಂದದ್ದನ್ನೂ ಕಂಡಿದ್ದೇವೆ. ಆದರೆ ಕಷ್ಟಕಾಲದಲ್ಲಿ ಕೈ ತಾನಾಗಿ ಬಿಚ್ಚುತ್ತದೆ. ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ಅದೇ ಕೈ ಯಾಕೆ ಬಿಗಿಯಾಗುತ್ತದೋ! ತೋಟದ ಆಳುಗಳು ಇರುವ ಲೈನ್ ಮನೆಯ ಸೋರುವ ಸೂರಿಗೆ ನಾಲ್ಕು ಶೀಟು ಹಾಕಿಸುವುದಕ್ಕೆ ‘ಮುಂದಿನ ವರ್ಷ ನೋಡೋಣ’ ಎನ್ನುವ ಮಾಲೀಕರನ್ನು ನಾನು ಬಲ್ಲೆ. ಪ್ರತಿ ವರ್ಷ ತಂಬಿಟ್ಟನ್ನು ಮಾತ್ರ ಮರೆಯದೆ ಕಳುಹಿಸುತ್ತಾರೆ.

ಕದಿರಿಗೆ ಹಣ ಕೊಡೋಣವೆಂದು ಯಾರೋ ಸೂಚಿಸಿದರು. ನನಗೆ ಸರಿಕಾಣಲಿಲ್ಲ, ಆ ಅಣ್ಣ ತೆಗೆದುಕೊಳ್ಳುವವರೂ ಅಲ್ಲ. ಹಿಂದೆ ನಾಟಿಗೂ ಕೊಯ್ಲಿಗೂ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಇಳಿಯುತ್ತಿದ್ದರು. ಅದನ್ನೇ ಸ್ವಲ್ಪ ಬದಲಿಸಿ, ಕದಿರು ಒಯ್ಯುವ ಪ್ರತಿ ಮನೆಯಿಂದಲೂ ಒಬ್ಬರು ಕೊಯ್ಲಿನ ದಿನ ಕತ್ತಿ ಹಿಡಿದು ಗದ್ದೆಗೆ ಬರಬೇಕು ಎಂದು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ. ಕೈಮುಗಿಯುವ ಚಿತ್ರಗಳು ಧಾರಾಳವಾಗಿ ಬಂದವು. ಬರುತ್ತೇನೆಂದು ಇದುವರೆಗೆ ಹೇಳಿದವರು ಇಬ್ಬರು ಹೆಂಗಸರು ಮತ್ತು ಎಂಬತ್ತು ದಾಟಿದ ಒಬ್ಬ ಅಜ್ಜ. ಇನ್ನೊಬ್ಬರು ತಿಂಡಿಗೆ ಏನು ಮಾಡಿಸುತ್ತೀರಿ ಎಂದು ವಿಚಾರಿಸಿದ್ದಾರೆ. ಕಡುಬು, ಪಂದಿ ಕರಿ ಎಂದು ಉತ್ತರಿಸಿದ್ದೇನೆ.